ಕೆರೆ ಕಟ್ಟಿದ ಶಿವಯೋಗಿ ಸೊನ್ನಲಿಗೆಯ ಸಿದ್ಧರಾಮೇಶ್ವರರು

ಕಳೆದ ಬೇಸಿಗೆಯಲ್ಲಿ ಮಂಗಳೂರಿನ ಕುಲಶೇಖರದಲ್ಲಿ ನೆಲೆಸಿರುವ ಶ್ರೀಮಠದ ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವ ಗೋಷ್ಠಿ ನಡೆಯಿತು. ಗೋಷ್ಠಿ ಮುಗಿದ ಬಳಿಕ ಮನೆಯ ಹಿರಿಯರು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಸುತ್ತಮುತ್ತ ಕೊಳವೆಬಾವಿಗಳು ಹೆಚ್ಚಿದಂತೆ ಅವರ ಅಂಗಳದ ಹಳೆಯ ಬಾವಿ ಏಪ್ರಿಲ್ ತಿಂಗಳಲ್ಲಿಯೇ ತಳ ಕಾಣುತ್ತಿದೆ. ತಾವೂ ಇತರರಿಗಿಂತ ಆಳಕ್ಕೆ ಕೊರೆಸಬಹುದೇ, ಅದು ಶರಣಧರ್ಮಕ್ಕೆ ಒಪ್ಪುವುದೇ ಎಂಬುದು ಅವರ ಸಂದೇಹ. ಅಂದು ನಾವು ಕೊಟ್ಟ ಉತ್ತರ ಅಪೂರ್ಣವೆಂದು ನಮಗೇ ಅನಿಸಿತು. ಆದುದರಿಂದ ಕೆರೆ ಕಟ್ಟುವುದನ್ನೇ ಶಿವಪೂಜೆಯಾಗಿ ಕೈಗೊಂಡ ಮಹಾನುಭಾವರ ಜೀವನವನ್ನು ಇಲ್ಲಿ ಸ್ಮರಿಸುತ್ತಿದ್ದೇವೆ.

ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಜನಿಸಿದರು. ಅದೇ ಇಂದಿನ ಮಹಾರಾಷ್ಟ್ರದ ಗಡಿಯಲ್ಲಿರುವ, ಕನ್ನಡಿಗರು ಬಹುಸಂಖ್ಯೆಯಲ್ಲಿ ಬಾಳುತ್ತಿರುವ ಸೊಲ್ಲಾಪುರ. ತಂದೆ ಮುದ್ದಗೌಡ, ತಾಯಿ ಸುಗ್ಗಲೆ. ಬಾಲ್ಯದಲ್ಲಿ ಅವರು ಮಾತು ಕಡಿಮೆ, ಧ್ಯಾನ ಹೆಚ್ಚು ಎಂಬಂತಿದ್ದರು. ಊರವರು ಮಂಕನೆಂದು ಭಾವಿಸಿದ ಆ ಬಾಲಕ ಹೊಲ ಕಾಯುತ್ತಿದ್ದಾಗ ಶ್ರೀಶೈಲದ ಮಲ್ಲಯ್ಯನು ಜಂಗಮರೂಪದಲ್ಲಿ ಬಂದು ಮಜ್ಜಿಗೆ ಅನ್ನವನ್ನು ಬೇಡಿದನೆಂದು ಪುರಾಣ ಹೇಳುತ್ತದೆ. ಮನೆಗೆ ಓಡಿ ಅನ್ನ ತರುವಷ್ಟರಲ್ಲಿ ಜಂಗಮನಿಲ್ಲ. ಮಲ್ಲಯ್ಯನನ್ನು ಕೂಗುತ್ತ, ಅಳುತ್ತ ಯಾತ್ರಿಕರೊಡನೆ ಬಾಲಕನು ಶ್ರೀಶೈಲಕ್ಕೆ ನಡೆದನು. ಅಲ್ಲಿಯೂ ಕಾಣದೆ ಕಮರಿಗೆ ಹಾರಲು ಮುಂದಾದಾಗ ಮಲ್ಲಿಕಾರ್ಜುನನು ಕೈಹಿಡಿದು, ಹಿಂದಿರುಗಿ ಸೊನ್ನಲಿಗೆಯನ್ನೇ ಎರಡನೆಯ ಶ್ರೀಶೈಲವಾಗಿಸುವಂತೆ ಅಪ್ಪಣೆಯಿತ್ತನು. ಹದಿಮೂರನೆಯ ಶತಮಾನದ ಕವಿ ರಾಘವಾಂಕನು ಈ ಚರಿತೆಯನ್ನು ಷಟ್ಪದಿಯಲ್ಲಿ ಬರೆದು ಅಮರಗೊಳಿಸಿದ್ದಾನೆ.

ಊರಿಗೆ ಮರಳಿದ ಸಿದ್ಧರಾಮರು ಲಿಂಗಗಳನ್ನು ಸ್ಥಾಪಿಸಿದರು. ಅಷ್ಟಕ್ಕೇ ನಿಲ್ಲದೆ ಕೆರೆಯ ಕೆಲಸಕ್ಕೆ ಕೈಹಚ್ಚಿದರು. ಕರಾವಳಿಯವರು ಇದರ ಮಹತ್ವವನ್ನು ವಿಶೇಷವಾಗಿ ಗಮನಿಸಬೇಕು. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಸೊಲ್ಲಾಪುರಕ್ಕೆ ಅದರ ಕಾಲುಭಾಗವೂ ದೊರೆಯದು. ಅಂತಹ ಬಯಲಸೀಮೆಯಲ್ಲಿ ಬಿದ್ದ ಹನಿಯನ್ನು ಹಿಡಿದಿಡುವುದೇ ಜೀವದಾನ. ಅಸಂಖ್ಯ ಶ್ರಮಜೀವಿಗಳು ಗುದ್ದಲಿ, ಪುಟ್ಟಿ ಹಿಡಿದು ಮಣ್ಣು ಹೊತ್ತರು, ಸಿದ್ಧರಾಮರೂ ಅವರ ನಡುವೆ ನಿಂತರು. ಮಣ್ಣು ಕಲ್ಲುಗಳ ಕಾಯಕದ ಭೋವಿ ಸಮಾಜವು ಇಂದಿಗೂ ಅವರನ್ನು ಕುಲಗುರುವೆಂದು ಆರಾಧಿಸುತ್ತದೆ.

ಆ ಕಾಮಗಾರಿಯ ನಡುವೆ ಅಲ್ಲಮಪ್ರಭುಗಳು ಬಂದ ಪ್ರಸಂಗವನ್ನು ಶೂನ್ಯಸಂಪಾದನೆ ವಿವರಿಸುತ್ತದೆ. ಪ್ರಭುಗಳು ಸಿದ್ಧರಾಮರನ್ನು ಒಡ್ಡನೆಂದು ಕರೆದರು. ಕೆರಳಿದ ಕೆಲಸಗಾರರು ಕಲ್ಲು ಬೀರಿದರು. ಆ ಕಲ್ಲುಗಳು ಪ್ರಭುಗಳನ್ನು ತಾಗದೆ ಸುತ್ತಲೂ ರಾಶಿಯಾದವು. ಲೋಕಕ್ಕೆ ನೀರು ಕೊಟ್ಟ ಪುಣ್ಯಪುರುಷರಿಗೆ ಇಂತಹ ಪರೀಕ್ಷೆ ಏಕೆ? ನಮ್ಮ ಅರಿವಿಗೆ ತೋರುವುದಿಷ್ಟು: ಪ್ರಭುಗಳು ಹಳಿದದ್ದು ಕೆರೆಯನ್ನಲ್ಲ, ಕೆರೆ ಕಟ್ಟಿದವನು ತಾನೆಂಬ ಭಾವವನ್ನು. ಸಿದ್ಧರಾಮರು ಅದನ್ನು ಅರಿತು, ಪ್ರಭುಗಳೊಡನೆ ಕಲ್ಯಾಣಕ್ಕೆ ತೆರಳಿ, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಮುಂದೆ ಶೂನ್ಯಪೀಠವನ್ನೂ ಅಲಂಕರಿಸಿದರು. ಅವರ ಸಮಾಧಿ ಸೊನ್ನಲಿಗೆಯಲ್ಲಿದೆ. ಕೆರೆಯ ನೀರಿನ ನಡುವೆ ಅವರ ದೇವಾಲಯವಿಂದೂ ನಿಂತಿದೆ.

ಕಟ್ಟುವುದು ಅರ್ಧ ಕೆಲಸ, ಹಂಚಿ ಉಳಿಸುವುದು ಇನ್ನರ್ಧ. ಕನ್ನಡ ನಾಡಿನ ಕೆರೆಗಳು ಶತಮಾನಗಳ ಕಾಲ ಬಾಳಿದ್ದು ಕಟ್ಟುಪಾಡಿನಿಂದ. ಬೇಸಿಗೆಯಲ್ಲಿ ಊರವರು ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ತೂಬಿನ ನೀರನ್ನು ನೀರುಗಂಟಿಯು ಸರದಿಯಂತೆ ಗದ್ದೆಗಳಿಗೆ ಬಿಡುತ್ತಿದ್ದನು. ತುಳುನಾಡಿನ ಹಿರಿಯರೂ ಮದಕಗಳಲ್ಲಿ ಮಳೆನೀರು ತುಂಬಿಸಿ, ತೋಡುಗಳಿಗೆ ಕಟ್ಟ ಹಾಕಿ ಬಾವಿಗಳನ್ನು ಜೀವಂತವಾಗಿಟ್ಟರು. ಕಣ್ಣಿಗೆ ಕಾಣುವ ಕೆರೆಗೆ ಹೀಗೆ ಕಾವಲಿತ್ತು. ನೆಲದೊಳಗಿನ ನೀರು ಕಾಣದು, ಅದಕ್ಕೆ ನೀರುಗಂಟಿಯಿಲ್ಲ. ಆಳಕ್ಕೆ ಕೊರೆದವನಿಗೆ ನೀರು, ಪಕ್ಕದವನಿಗೆ ಬರಿದಾದ ಬಾವಿ. ಅವನು ಇನ್ನೂ ಆಳಕ್ಕಿಳಿದರೆ ಕೊನೆಗೆ ಇಬ್ಬರಿಗೂ ಇಲ್ಲ. ನದಿಯನ್ನೇ ನಂಬೋಣವೆಂದರೆ, 2019 ಮತ್ತು 2023ರ ಬೇಸಿಗೆಗಳಲ್ಲಿ ತುಂಬೆ ಅಣೆಕಟ್ಟೆಯಲ್ಲಿ ನೇತ್ರಾವತಿಯ ನೀರು ಕುಗ್ಗಿ, ನಗರಕ್ಕೆ ಸರದಿಯ ಮೇಲೆ ನೀರು ಪೂರೈಸಬೇಕಾಯಿತು.

ಆದುದರಿಂದ ಕುಲಶೇಖರದ ಹಿರಿಯರಿಗೆ ನಮ್ಮ ಉತ್ತರವಿದು. ಬಾಯಾರಿದ ಮನೆಯವರು ನೀರು ಹುಡುಕುವುದು ತಪ್ಪಲ್ಲ. ಆದರೆ ನಮ್ಮ ಅಂಗಳದಿಂದ ಮೇಲೆತ್ತಿದ ಮಾತ್ರಕ್ಕೆ ಆ ನೀರು ನಮ್ಮದಾಗದು, ಅದು ನೆರೆಯವರದೂ ಹೌದು. ಕೊರೆಸುವ ಮೊದಲು ನೆರೆಹೊರೆಯವರೊಡನೆ ಕುಳಿತು ಮಾತಾಡಬೇಕು. ಮಾಡಿನ ಮಳೆನೀರನ್ನು ಚರಂಡಿಗೆ ಬಿಡದೆ ಸೋಸಿ ಬಾವಿಗೆ ಇಳಿಸಬೇಕು. ಎತ್ತುವ ನೀರಿಗೆ ಮಿತಿಯನ್ನು ಎಲ್ಲರೂ ಕೂಡಿ ನಿಶ್ಚಯಿಸಬೇಕು. ಬೇಕಾದಷ್ಟನ್ನೇ ಬಳಸಿ ಉಳಿದುದನ್ನು ಸಮಾಜಕ್ಕೆ ಬಿಡುವುದು ದಾಸೋಹವಲ್ಲದೆ ಮತ್ತೇನು?

ಮಕರ ಸಂಕ್ರಾಂತಿಯ ಸಮಯದಲ್ಲಿ ನಾಡು ಸಿದ್ಧರಾಮೇಶ್ವರರ ಜಯಂತಿಯನ್ನು ಆಚರಿಸುತ್ತದೆ. ಆಗ ಕರಾವಳಿಯ ಬಾವಿಗಳಲ್ಲಿ ಇನ್ನೂ ನೀರಿರುತ್ತದೆ. ಹಂಚಿಕೆಯ ಮಾತಿಗೆ ಅದೇ ಸಕಾಲ. ಮೇ ತಿಂಗಳಲ್ಲಿ ಒಣಗಿದ ಬಾವಿಯ ಕಟ್ಟೆಯ ಮೇಲೆ ನಡೆಯುವುದು ಜಗಳ ಮಾತ್ರ. ಈ ಬಾರಿಯ ಜಯಂತಿಯಂದು ಪೂಜೆಯ ಬಳಿಕ ಪ್ರತಿಯೊಂದು ಓಣಿಯ ಭಕ್ತರೂ ನೆರೆಯವರನ್ನು ಕರೆದು ತಮ್ಮ ಬಾವಿಗಳ ಆಳ ನೋಡಲಿ, ಬೇಸಿಗೆಯ ಲೆಕ್ಕ ಹಾಕಲಿ ಎಂದು ಪ್ರಾರ್ಥಿಸುತ್ತೇವೆ.