ಬೆರ್ಥಾ ಪಾಪೆನ್‌ಹೈಮ್: ಮಾತಿನ ಮದ್ದಿಗೆ ಹೆಸರಿಟ್ಟವರು

ಮನಸ್ಸಿನ ದುಃಖವನ್ನು ಇನ್ನೊಬ್ಬರೊಡನೆ ಹೇಳಿಕೊಂಡರೆ ಎದೆ ಹಗುರಾಗುವುದೆಂಬ ಸಂಗತಿ ನಮ್ಮ ಅಜ್ಜಿಯಂದಿರಿಗೆ ಹೊಸತಾಗಿರಲಿಲ್ಲ. ಆದರೆ ವೈದ್ಯಶಾಸ್ತ್ರವು ಅದನ್ನೊಂದು ಚಿಕಿತ್ಸೆಯೆಂದು ಒಪ್ಪಿ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ. ಮಾತಿನ ಚಿಕಿತ್ಸೆ ಎಂಬ ಹೆಸರನ್ನು ಅದಕ್ಕೆ ಕೊಟ್ಟವರು ವೈದ್ಯರೂ ಅಲ್ಲ. ಇಪ್ಪತ್ತೆರಡರ ಆಸುಪಾಸಿನ ಒಬ್ಬ ರೋಗಿ. ಮನಶ್ಶಾಸ್ತ್ರದ ಗ್ರಂಥಗಳಲ್ಲಿ ಅನ್ನಾ ಓ. ಎಂಬ ಮರೆಹೆಸರಿನಿಂದ ಪ್ರಸಿದ್ಧರಾದ ಈಕೆಯ ನಿಜನಾಮ ಬೆರ್ಥಾ ಪಾಪೆನ್‌ಹೈಮ್. ಬಡ ತಾಯಂದಿರಿಗಾಗಿ ಅವರು ಸವೆಸಿದ ಮುಂದಿನ ಬದುಕು ಮಾತ್ರ ಆ ಗ್ರಂಥಗಳಲ್ಲಿ ಹೆಚ್ಚಾಗಿ ಕಾಣಸಿಗುವುದಿಲ್ಲ.

ಬೆರ್ಥಾ 1859ರ ಫೆಬ್ರವರಿ 27ರಂದು ವಿಯೆನ್ನಾ ನಗರದ ಸಿರಿವಂತ, ಸಂಪ್ರದಾಯಸ್ಥ ಯೆಹೂದಿ ಮನೆತನದಲ್ಲಿ ಹುಟ್ಟಿದರು. ಹದಿನಾರಕ್ಕೆ ಶಾಲೆ ನಿಂತಿತು. ತಮ್ಮನು ಮುಂದೆ ಓದಿದನು. ಅಕ್ಕನ ಪಾಲಿಗೆ ಹೊಲಿಗೆ, ಕಸೂತಿ ಮತ್ತು ಮದುವೆಯ ನಿರೀಕ್ಷೆ. ಈ ಕಥೆಯನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

1880ರ ಬೇಸಗೆಯಲ್ಲಿ ತಂದೆ ಹಾಸಿಗೆ ಹಿಡಿದರು. ರಾತ್ರಿಯಿಡೀ ನಿದ್ದೆಗೆಟ್ಟು ಆರೈಕೆ ಮಾಡಿದ ಮಗಳು ತಾನೇ ಕುಸಿದಳು. ಬಿಡದ ಕೆಮ್ಮು, ಕೈಕಾಲುಗಳ ಮರಗಟ್ಟುವಿಕೆ, ಕಣ್ಣಿನ ತೊಂದರೆ. ಎಲ್ಲಕ್ಕಿಂತ ವಿಚಿತ್ರವೆಂದರೆ ತಾಯ್ನುಡಿಯಾದ ಜರ್ಮನ್ ನಾಲಗೆಯಿಂದ ಜಾರಿಹೋಗಿ ಇಂಗ್ಲಿಷೊಂದೇ ಉಳಿಯಿತು. ಗಡಿನಾಡಿನಲ್ಲಿ ಬಾಳುವ ನಾವು ಈ ಸಂಗತಿಯ ಮುಂದೆ ಒಂದು ಗಳಿಗೆ ನಿಲ್ಲದೆ ಇರಲಾರೆವು. 1881ರ ಏಪ್ರಿಲಿನಲ್ಲಿ ತಂದೆ ತೀರಿಕೊಂಡ ಮೇಲೆ ರೋಗ ಇನ್ನಷ್ಟು ಬಿಗಡಾಯಿಸಿತು.

ಡಾ. ಜೋಸೆಫ್ ಬ್ರಾಯರ್ ಎಂಬ ಹೆಸರಾಂತ ವೈದ್ಯರು ಹೆಚ್ಚುಕಡಿಮೆ ದಿನವೂ ಮನೆಗೆ ಬಂದು ಆಕೆ ಹೇಳಿದ್ದನ್ನು ಕೇಳುತ್ತಾ ಕುಳಿತರು. ಹೇಳಿ ಮುಗಿಸಿದ ಸಂಜೆ ಆಕೆ ಶಾಂತಳಾಗುತ್ತಿದ್ದಳು. ಒಮ್ಮೆ ಸುಡುಬೇಸಗೆಯಲ್ಲಿ ನೀರಿನ ಲೋಟ ತುಟಿಗೆ ತಾಗಿದರೆ ಸಾಕು, ದೂರ ತಳ್ಳುವಳು. ಸುಮಾರು ಆರು ವಾರ ಹಣ್ಣುಗಳಿಂದಲೇ ಬಾಯಾರಿಕೆ ಕಳೆದಳು. ಕೊನೆಗೊಂದು ದಿನ, ಮನೆಯ ಇಂಗ್ಲಿಷ್ ಸಂಗಾತಿಯ ನಾಯಿ ಲೋಟದಿಂದ ನೀರು ಕುಡಿದುದನ್ನು ಕಂಡೂ ಮರ್ಯಾದೆಗಾಗಿ ಬಾಯಿಮುಚ್ಚಿಕೊಂಡಿದ್ದ ಹೇಸಿಗೆಯನ್ನು ಹೊರಹಾಕಿದಳು. ಕೂಡಲೇ ನೀರು ಬೇಡಿ ಕುಡಿದಳು. ಈ ಕ್ರಮಕ್ಕೆ ಆಕೆ ಮಾತಿನ ಚಿಕಿತ್ಸೆ ಎಂದೂ, ತಮಾಷೆಗೆ ಹೊಗೆಗೂಡು ಗುಡಿಸುವುದು ಎಂದೂ ಇಂಗ್ಲಿಷಿನಲ್ಲಿ ಹೆಸರಿಟ್ಟಳು.

ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ 1882ರ ಜೂನಿನಲ್ಲಿ ಚಿಕಿತ್ಸೆ ಮುಗಿಯಿತು, ರೋಗಿ ಕ್ರಮೇಣ ಚೇತರಿಸಿಕೊಂಡಳು. ನಿಜ ಅಷ್ಟು ಸರಳವಾಗಿರಲಿಲ್ಲ. ಮರುತಿಂಗಳೇ ಆಕೆ ಸ್ವಿಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್ ಚಿಕಿತ್ಸಾಲಯದಲ್ಲಿದ್ದರು. ನೋವಿಗೆಂದು ಕೊಟ್ಟ ಮಾರ್ಫಿನ್ ಅಭ್ಯಾಸವಾಗಿಬಿಟ್ಟಿತ್ತು. 1887ರವರೆಗೂ ಆಸ್ಪತ್ರೆವಾಸ ಮರಳಿ ಮರಳಿ ಬಂದಿತು. ಈ ದಾಖಲೆಗಳನ್ನು ಇತಿಹಾಸಕಾರ ಎಲೆನ್‌ಬರ್ಗರ್ 1972ರಲ್ಲಿ ಬೆಳಕಿಗೆ ತಂದರು.

1888ರಲ್ಲಿ ತಾಯಿಯೊಡನೆ ತಾಯಿಯ ಊರಾದ ಫ್ರಾಂಕ್‌ಫರ್ಟಿಗೆ ಬಂದ ಮೇಲೆ ಬೆರ್ಥಾರ ಎರಡನೆಯ ಜನ್ಮ. ಬಡ ವಲಸಿಗರ ಗಂಜಿಕೇಂದ್ರದಲ್ಲಿ ಬಡಿಸಲು ನಿಂತರು. ಅನಾಥ ಹುಡುಗಿಯರಿಗೆ ಕಥೆ ಓದಿದರು. 1895ರಿಂದ ಸುಮಾರು ಹನ್ನೆರಡು ವರ್ಷ ಆ ಅನಾಥಾಲಯದ ಮನೆತಾಯಿಯಾದರು. ಪೂರ್ವ ಯೂರೋಪಿನ ಬಡ ಹೆಣ್ಣುಮಕ್ಕಳನ್ನು ಮಾರಾಟ ಮಾಡುವ ಜಾಲದ ಬೆನ್ನುಹತ್ತಿ ಗಲೀಷಿಯಾ ಮೊದಲಾದೆಡೆ ಅಲೆದರು. 1904ರಲ್ಲಿ ಯೆಹೂದಿ ಮಹಿಳಾ ಸಂಘವನ್ನು ಸ್ಥಾಪಿಸಿ ಇಪ್ಪತ್ತು ವರ್ಷ ಅದರ ಅಧ್ಯಕ್ಷೆಯಾಗಿದ್ದರು.

ಅವರ ಜೀವದ ಜೀವವೆಂದರೆ 1907ರಲ್ಲಿ ಫ್ರಾಂಕ್‌ಫರ್ಟಿನ ಬಳಿಯ ನೊಯ್-ಇಸೆನ್‌ಬುರ್ಗಿನಲ್ಲಿ ತೆರೆದ ಮನೆ. ಮದುವೆಯಾಗದೆ ಬಸಿರಾದವರು, ಹಸುಗೂಸು ಹೊತ್ತ ತಾಯಂದಿರು, ದಿಕ್ಕಿಲ್ಲದ ಹುಡುಗಿಯರು ಅಲ್ಲಿ ತಂಗಿದರು. 1908ರಲ್ಲಿ ಹತ್ತು ಮಂದಿಯಿದ್ದ ಮನೆಯಲ್ಲಿ 1928ರ ಹೊತ್ತಿಗೆ 152 ಮಂದಿ. ತಾಯಿ-ಮಗುವನ್ನು ಅಗಲಿಸದೆ, ಮನೆಗೆಲಸ ಕಲಿಸಿ, ತನ್ನ ಕಾಲಮೇಲೆ ನಿಲ್ಲುವಂತೆ ಮಾಡುವುದು ಅಲ್ಲಿಯ ಕ್ರಮ. ಆಡಂಬರಕ್ಕೆ ಎಡೆಯಿರಲಿಲ್ಲ.

ಆದರೆ ಒಂದು ಮಾತು. ತಾವು ಸಾಕಿದವರಿಗೆ ಮನೋವಿಶ್ಲೇಷಣೆ ಮಾಡಿಸಬೇಕೆಂದು ಯಾರಾದರೂ ಸೂಚಿಸಿದರೆ ಬೆರ್ಥಾ ಕಟುವಾಗಿ ವಿರೋಧಿಸುತ್ತಿದ್ದರೆಂದು, ತಮ್ಮ ಹಳೆಯ ಕಾಯಿಲೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲವೆಂದು ಅವರನ್ನು ಬಲ್ಲವರು ಬರೆದಿದ್ದಾರೆ. ಕಾರಣವನ್ನು ಅವರು ಬಿಟ್ಟುಹೋಗಿಲ್ಲ. ಸೂರಿಲ್ಲದ ತಾಯಿಗೆ ಮೊದಲು ಸೂರು, ಮಗುವಿಗೆ ಹಾಲು, ಆಮೇಲೆ ಉಳಿದದ್ದು ಎಂದು ಅವರಿಗೆ ತೋರಿರಬೇಕೆಂಬುದು ನಮ್ಮ ಊಹೆ. ದಿನವೂ ವೈದ್ಯರನ್ನು ಕರೆಸಿಕೊಳ್ಳಬಲ್ಲ ಮನೆಯ ಮಗಳಿಗೇ ಮಾತೊಂದರಿಂದ ಪೂರ್ತಿ ಗುಣವಾಗಿರಲಿಲ್ಲವಲ್ಲ!

ಹಾಗೆಂದು ಬಡ ತಾಯಿಗೆ ಮಾತಿನ ಮದ್ದು ನಾಟದೆಂದು ಹೇಳುವಂತಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಖಿನ್ನತೆಗೆ ಒಳಗಾಗಿದ್ದ ಸುಮಾರು 900 ಬಸುರಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸಾಕ್ಷಿ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ ಮಾತನಾಡಿದ ತಾಯಂದಿರಲ್ಲಿ ಹೆರಿಗೆಯಾಗಿ ಆರು ತಿಂಗಳಿಗೆ ಖಿನ್ನತೆ ಉಳಿದದ್ದು ನೂರಕ್ಕೆ 23 ಮಂದಿಗೆ. ಆ ತರಬೇತಿಯಿಲ್ಲದವರು ಅಷ್ಟೇ ಸಲ ಹೋಗಿ ಬಂದ ಕಡೆ 53 ಮಂದಿಗೆ. ಮುಂದೆ ಗೋವೆಯಲ್ಲಿ ನೆರೆಕರೆಯ ಸಾಮಾನ್ಯ ಹೆಂಗಸರಿಗೇ ಇದನ್ನು ಕಲಿಸಿ ನೋಡಲಾಯಿತು. ಅಲ್ಲಿಯೂ ಮಾತು ಹೆಚ್ಚಾಗಿ ಮಗುವಿನ ಆರೈಕೆ, ಮನೆಯವರ ನೆರವು, ನಾಳೆ ಮಾಡಬೇಕಾದ ಸಣ್ಣ ಕೆಲಸ ಇವುಗಳ ಸುತ್ತಲೇ. ಬೆರ್ಥಾ ಇದನ್ನು ಕಂಡಿದ್ದರೆ ಬೇಡವೆನ್ನುತ್ತಿದ್ದರೋ ಏನೋ!

1936ರ ಏಪ್ರಿಲಿನಲ್ಲಿ, ಮನೆಯ ಒಬ್ಬ ಹುಡುಗಿ ಹಿಟ್ಲರನ ವಿಷಯ ಏನೋ ಆಡಿದಳೆಂಬ ದೂರಿನ ಮೇಲೆ ಗೆಸ್ಟಾಪೊ ಪೋಲೀಸರು ಬೆರ್ಥಾರನ್ನು ವಿಚಾರಣೆಗೆ ಕರೆಸಿದರು. ಅರ್ಬುದ ರೋಗದಿಂದ ಬಳಲುತ್ತಿದ್ದ ಎಪ್ಪತ್ತೇಳರ ಮುದುಕಿ ಹಾಸಿಗೆಯಿಂದೆದ್ದು ಹೋಗಿ ಉತ್ತರ ಕೊಟ್ಟು ಬಂದರು. ಮೇ 28ರಂದು ತಮ್ಮ ನೊಯ್-ಇಸೆನ್‌ಬುರ್ಗಿನಲ್ಲಿಯೇ ಕೊನೆಯುಸಿರೆಳೆದರು. 1938ರ ನವೆಂಬರಿನಲ್ಲಿ ನಾಜಿಗಳು ಆ ಮನೆಗೆ ಬೆಂಕಿಯಿಟ್ಟರು. 1942ರಲ್ಲಿ ಉಳಿದಿದ್ದವರನ್ನು ಹಿಡಿದು ಸಾಗಿಸಿ ಅದನ್ನು ಮುಚ್ಚಿದರು.

ಅನ್ನಾ ಓ. ಯಾರೆಂಬ ಗುಟ್ಟನ್ನು ಫ್ರಾಯ್ಡರ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ 1953ರಲ್ಲಿ ಹೊರಗೆಡವಿದರು. ಮರುವರ್ಷ ಪಶ್ಚಿಮ ಜರ್ಮನಿಯು ಬೆರ್ಥಾರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಅದು ಬಂದದ್ದು ಮನುಕುಲಕ್ಕೆ ನೆರವಾದವರ ಮಾಲಿಕೆಯಲ್ಲಿ.