ಎಂಬತ್ತರ ವಯಸ್ಸಿನಲ್ಲಿ ದಖನ್ನಿಗೆ ಮರಳಿದ ಬಂದೇ ನವಾಝ್

ಗಲ್ಫಿನಲ್ಲಿ ಬೆಳೆದು ಊರಿಗೆ ಬಂದ ಮಕ್ಕಳು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ದಮ್ಮಾಮ್, ಜುಬೈಲ್, ದುಬೈಯ ಶಾಲೆಗಳಲ್ಲಿ ಕಲಿತವರಿಗೆ ಅಜ್ಜ-ಅಜ್ಜಿಯ ಮನೆ ರಜೆಯ ಒಂದು ತಿಂಗಳಿಗೆ ಚೆಂದ. ಇನ್ನು ಇಲ್ಲೇ ಇರಬೇಕು ಅಂತಾದಾಗ ಮಾತು, ಮಳೆ, ಊಟ, ಶಾಲೆ ಎಲ್ಲವೂ ಹೊಸದು. ಅಲ್ಲಿದ್ದಾಗ ಅವರು ಮಂಗಳೂರಿನವರು, ಇಲ್ಲಿ ಬಂದ ಮೇಲೆ ಗಲ್ಫಿನವರು. ನಿಮ್ಮದೇ ಊರಲ್ವಾ, ಏನು ಕಷ್ಟ ಅಂತ ನಾವು ಸುಲಭವಾಗಿ ಕೇಳಿಬಿಡುತ್ತೇವೆ.

ಹಿರಿಯರ ಊರು ತಾನಾಗಿ ನಮ್ಮ ಊರು ಆಗುವುದಿಲ್ಲ. ಕಲಬುರಗಿಯಲ್ಲಿ ಅಂತ್ಯವಿಶ್ರಾಂತಿ ಪಡೆದಿರುವ ಹಝ್ರತ್ ಖ್ವಾಜಾ ಬಂದೇ ನವಾಝ್ ಗೇಸುದರಾಝ್ (ರ.ಅ.) ಅವರ ಬದುಕು ಇದಕ್ಕೆ ದೊಡ್ಡ ಉದಾಹರಣೆ. ಅವರ ದರ್ಗಾಕ್ಕೆ ಝಿಯಾರತ್‌ಗೆ ಹೋಗಿಬಂದವರು ನಮ್ಮಲ್ಲಿ ಬಹಳ ಮಂದಿ. ಆದರೆ ಅವರು ಎಷ್ಟು ಸಲ ಮನೆ ಕಿತ್ತು ಮನೆ ಕಟ್ಟಿದರು ಎಂಬುದನ್ನು ನಾವು ಮಾತಾಡುವುದು ಕಡಿಮೆ.

ಅವರ ಹೆಸರು ಸಯ್ಯದ್ ಮುಹಮ್ಮದ್ ಹುಸೈನಿ. ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ಅವರಿಗೆ ಏಳರ ಆಸುಪಾಸು ವಯಸ್ಸಿದ್ದಾಗ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ದೇವಗಿರಿಯನ್ನು ದೌಲತಾಬಾದ್ ಮಾಡಿ, ದಿಲ್ಲಿಯ ಉಲಮಾಗಳು, ಸೂಫಿಗಳು, ಅಧಿಕಾರಿಗಳೆಲ್ಲ ಅಲ್ಲಿಗೆ ಹೋಗಬೇಕೆಂದು ಹುಕುಂ ಹೊರಡಿಸಿದ. ಆ ಗುಂಪಿನಲ್ಲಿ ಇವರ ಕುಟುಂಬವೂ ಇತ್ತು. ಹಾಗೆ ಬಾಲ್ಯ ದಖನ್ನಿನಲ್ಲಿ ಕಳೆಯಿತು. ಮೊದಲ ಪಾಠ ಕಲಿತದ್ದು ತಂದೆ ಸಯ್ಯದ್ ಯೂಸುಫ್ ಹುಸೈನಿಯವರಿಂದ. ಜನ ಅವರನ್ನು ರಾಜೂ ಖತ್ತಾಲ್ ಎಂದು ಕರೆಯುತ್ತಿದ್ದರು. 1331ರಲ್ಲಿ ಅವರು ತೀರಿಕೊಂಡರು. ಅವರ ಖಬರ್ ದೌಲತಾಬಾದಿನ ಪಕ್ಕದ ಖುಲ್ದಾಬಾದಿನಲ್ಲಿದೆ. ಮಗನಿಗೆ ಆಗ ಹತ್ತು ವರ್ಷ.

ಕೆಲವು ವರ್ಷಗಳಲ್ಲಿ ಉಮ್ಮ ಮಕ್ಕಳನ್ನು ಕರೆದುಕೊಂಡು ದಿಲ್ಲಿಗೆ ವಾಪಸ್ ಹೊರಟರು. ಆಗ ಇವರಿಗೆ ಹದಿನೈದರ ಆಸುಪಾಸು. ಹುಟ್ಟೂರೇನೋ ಹೌದು, ಆದರೆ ಬುದ್ಧಿ ತಿಳಿಯುವ ವಯಸ್ಸು ಕಳೆದದ್ದು ಬೇರೆ ಕಡೆ. ದಿಲ್ಲಿಯಲ್ಲಿ ಹಝ್ರತ್ ನಿಝಾಮುದ್ದೀನ್ ಔಲಿಯಾ ಅವರ ಉತ್ತರಾಧಿಕಾರಿ ಹಝ್ರತ್ ನಸೀರುದ್ದೀನ್ ಚಿರಾಗ್ ದೆಹ್ಲಿ ಅವರ ಕೈಯಲ್ಲಿ ಮುರೀದರಾದರು. ಗುರುಗಳ ಪಲ್ಲಕ್ಕಿ ಹೊರುವಾಗ ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡಿತಂತೆ. ಗುರುಗಳಿಗೆ ತೊಂದರೆಯಾದೀತೆಂದು ಬಿಡಿಸಿಕೊಳ್ಳದೆ ನೋವು ಸಹಿಸಿ ನಡೆದರು, ಗೇಸುದರಾಝ್ ಅಂದರೆ ಉದ್ದ ಕೂದಲಿನವರು ಎಂಬ ಹೆಸರು ಹಾಗೆ ಬಂತು ಎಂದು ಹೇಳುತ್ತಾರೆ. 1356ರಲ್ಲಿ ಗುರುಗಳು ವಫಾತ್ ಆದ ಮೇಲೆ ನಲ್ವತ್ತಕ್ಕೂ ಹೆಚ್ಚು ವರ್ಷ ದಿಲ್ಲಿಯಲ್ಲೇ ಪಾಠ ಹೇಳುತ್ತಾ, ಮುರೀದರನ್ನು ನಡೆಸುತ್ತಾ ಇದ್ದರು. ಎಪ್ಪತ್ತು ದಾಟಿದ ಮನುಷ್ಯನಿಗೆ ಇನ್ನು ಊರು ಬದಲಾಯಿಸುವ ಯೋಚನೆ ಎಲ್ಲಿರುತ್ತದೆ?

ಆದರೆ 1398ರ ಡಿಸೆಂಬರಿನಲ್ಲಿ ತೈಮೂರನ ದಂಡು ದಿಲ್ಲಿಗೆ ಬಂತು. ಎಪ್ಪತ್ತೇಳರ ವಯಸ್ಸಿನಲ್ಲಿ ಖ್ವಾಜಾ ಮನೆಯವರು, ಮುರೀದರ ಜೊತೆ ಊರು ಬಿಟ್ಟರು. ಗ್ವಾಲಿಯರ್, ಚಂದೇರಿ, ಗುಜರಾತ್ ಹೀಗೆ ನಿಂತು ನಿಂತು ಪಯಣ. ಕೊನೆಗೆ ತಂದೆಯ ಖಬರಿನ ಹತ್ತಿರ, ದೌಲತಾಬಾದಿಗೆ ತಲುಪಿದರು. ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಹುಡುಗನಾಗಿ ಬಿಟ್ಟ ಜಾಗ ಅದು. ಅವರು ಹೋಗುವಾಗ ಅದು ದಿಲ್ಲಿಯ ಆಳ್ವಿಕೆಯಲ್ಲಿತ್ತು. ಬರುವಾಗ ಬಹಮನಿಗಳ ಕೈಯಲ್ಲಿತ್ತು. 1347ರಲ್ಲಿ ಸ್ಥಾಪನೆಯಾದ ಆ ರಾಜ್ಯಕ್ಕೆ ಕಲಬುರಗಿ ರಾಜಧಾನಿ.

ಸುಲ್ತಾನ್ ಫಿರೋಝ್ ಷಾ ಬಹಮನಿ ಆದರದಿಂದ ಕರೆಸಿಕೊಂಡ. 1400ರ ಸುಮಾರಿಗೆ ಖ್ವಾಜಾ ಕಲಬುರಗಿಗೆ ಬಂದರು. ಸ್ವಾಗತ ದೊಡ್ಡದಾಗಿತ್ತು. ಆದರೆ ಸ್ವಾಗತ ಬೇರೆ, ಒಗ್ಗುವುದು ಬೇರೆ. ಇಲ್ಲಿಯ ಜನರ ಮಾತು ಕನ್ನಡ, ತೆಲುಗು, ಮರಾಠಿ. ಅರಮನೆಯಲ್ಲಿ ಪಾರ್ಸಿ. ಫಿರೋಝ್ ಷಾ ಸ್ವತಃ ತರ್ಕ, ಖಗೋಳಗಳಲ್ಲಿ ಆಸಕ್ತಿಯಿದ್ದ ಪಂಡಿತ. ಸ್ವಲ್ಪ ಕಾಲದಲ್ಲಿ ಇಬ್ಬರ ನಡುವೆ ಅಂತರ ಬಂತು ಎಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಕೋಟೆಯ ಹತ್ತಿರ ಇದ್ದ ಖಾನ್‌ಖಾಹ್‌ನಲ್ಲಿ ಜನಸಂದಣಿ ಜಾಸ್ತಿಯಾಯಿತು ಎಂಬ ಕಾರಣಕ್ಕೆ ಜಾಗ ಬಿಡಬೇಕಾಯಿತು. ಅವರು ಊರಿನ ಇನ್ನೊಂದು ಬದಿಗೆ, ಇಂದು ದರ್ಗಾ ಇರುವ ಕಡೆಗೆ ಹೋದರು. ಬಂದ ಊರಿನಲ್ಲೂ ಮತ್ತೊಂದು ಸಲ ಮನೆ ಬದಲಾಯಿಸಿದ್ದು ಹೀಗೆ. ಮುಂದೆ ಸುಲ್ತಾನ ತನ್ನ ಮಗ ಹಸನ್ ರಾಜನಾಗಲೆಂದು ಇವರ ದುಆ ಬಯಸಿದಾಗಲೂ ಅವನಿಗೆ ಬೇಕಾದಂತೆ ಅವರು ನಡೆದುಕೊಳ್ಳಲಿಲ್ಲ. ಆಶ್ರಯ ಕೊಟ್ಟವನು ಎಂಬ ಮುಲಾಜಿಗೆ ಒಳಗಾಗಲಿಲ್ಲ.

ಮನೆಯೊಳಗೂ ದುಃಖವಿತ್ತು. ತಂದೆಯ ಮಾತುಗಳನ್ನು ಬರೆದಿಟ್ಟು ಜವಾಮಿಉಲ್ ಕಲಿಮ್ ಎಂಬ ಗ್ರಂಥ ಮಾಡಿದ ಹಿರಿಯ ಮಗ ಸಯ್ಯದ್ ಅಕ್ಬರ್ ಹುಸೈನಿ ತಂದೆಗಿಂತ ಮೊದಲೇ ತೀರಿಕೊಂಡರು.

ಅವರನ್ನು ಈ ಮಣ್ಣಿಗೆ ಹತ್ತಿರ ಮಾಡಿದ್ದು ಕೆಲಸ. ಅವರು ದಿಲ್ಲಿಯ ಚಿಶ್ತೀ ಗುರುಗಳ ಕ್ರಮವನ್ನು ಬಿಡಲಿಲ್ಲ, ಇಲ್ಲಿಯ ಜನರಿಂದ ದೂರ ಕೂರಲೂ ಇಲ್ಲ. ಅರಬಿ, ಪಾರ್ಸಿಗಳಲ್ಲಿ ಗ್ರಂಥಗಳನ್ನು ಬರೆಯುತ್ತಾ, ಪಾಠ ಹೇಳುತ್ತಾ ಇಳಿವಯಸ್ಸನ್ನು ಕಳೆದರು. ದಖನಿ ಭಾಷೆಯಲ್ಲಿ ಅವರ ಹೆಸರಿನಲ್ಲಿರುವ ಕೃತಿಗಳು ಅವರದೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಚರ್ಚೆ ಮಾಡುತ್ತಾರೆ. ಆದರೆ ದಖನಿ ಮಾತಾಡುವ ಜನ ಅವರನ್ನು ತಮ್ಮವರೆಂದೇ ಎಣಿಸಿದ್ದರಲ್ಲಿ ಚರ್ಚೆಯಿಲ್ಲ. 1422ರ ನವೆಂಬರ್ 1ರಂದು, ನೂರರ ಗಡಿ ದಾಟಿದ ಮೇಲೆ, ಕಲಬುರಗಿಯಲ್ಲೇ ವಫಾತ್ ಆದರು. ಅದೇ ವರ್ಷ ಪಟ್ಟಕ್ಕೆ ಬಂದ, ಅವರ ಮೇಲೆ ಭಕ್ತಿಯಿದ್ದ ಅಹ್ಮದ್ ಷಾ ಗುಂಬಝ್ ಕಟ್ಟಿಸಿದ. ನಂತರ ಅಹ್ಮದ್ ಷಾ ರಾಜಧಾನಿಯನ್ನು ಬೀದರ್‌ಗೆ ಒಯ್ದ. ರಾಜರು ಹೋದರು, ಖ್ವಾಜಾ ಉಳಿದರು.

ಕಲಬುರಗಿಯಿಂದ ಬೀದರ್‌ಗೆ ಹೋಗುವ ದಾರಿಯಲ್ಲಿ ಹುಮನಾಬಾದ್ ಸಿಗುತ್ತದೆ. ಅದರ ಪಕ್ಕದಲ್ಲೇ ಮಾಣಿಕನಗರ. ಖ್ವಾಜಾ ವಫಾತ್ ಆಗಿ ನಾಲ್ಕು ಶತಮಾನ ಕಳೆದ ಮೇಲೆ, 1845ರಲ್ಲಿ ಮಾಣಿಕ ಪ್ರಭುಗಳು ಅಲ್ಲಿ ನೆಲೆ ನಿಂತರು. ಎಲ್ಲ ಮತಗಳೂ ಸತ್ಯವೆನ್ನುವ ಸಕಲಮತ ಸಂಪ್ರದಾಯ ಅವರದು. ಅವರ ಹತ್ತಿರ ಮುಸ್ಲಿಮರೂ ಬರುತ್ತಿದ್ದರು. ಖ್ವಾಜಾರ ಗುಂಬಝಿಗೂ ಇವತ್ತಿನವರೆಗೆ ಎಲ್ಲ ಜಾತಿಮತದವರು ಬರುತ್ತಾರೆ. ಝುಲ್‌ಖಅದ್ ತಿಂಗಳ ಉರೂಸಿಗೆ ಮೆಹಬೂಬ್ ಗುಲ್ಶನ್ ತೋಟದಿಂದ ಸಂದಲ್ ಮೆರವಣಿಗೆ ಹೊರಟಾಗ ದಿಲ್ಲಿಯಿಂದ ಬಂದವರು ಯಾರು, ಇಲ್ಲಿಯವರು ಯಾರು ಅಂತ ಯಾರೂ ಕೇಳುವುದಿಲ್ಲ.

ಹೊರನಾಡಿನಲ್ಲಿ ಬೆಳೆದು ಬಂದ ಮಗುವಿನ ತಪ್ಪು ಬ್ಯಾರಿ ಮಾತಿಗೆ, ತೊದಲುವ ಕನ್ನಡಕ್ಕೆ ನಗುವ ಮೊದಲು ನಾವು ಇದನ್ನು ನೆನಪಿಡಬೇಕು. ಅಂಥ ದೊಡ್ಡವರಿಗೂ ಈ ಮಣ್ಣಿನಲ್ಲಿ ಬೇರು ಬಿಡಲು ಇಪ್ಪತ್ತು ವರ್ಷ ಬೇಕಾಯಿತು. ನಮ್ಮ ಮಕ್ಕಳಿಗೆ ಎರಡು-ಮೂರು ವರ್ಷವಾದರೂ ಕೊಡೋಣ. ಮತ್ತು ಅವರ ಕೈಗೊಂದು ಕೆಲಸ, ಸೇರಲು ನಾಲ್ಕು ಜನ ಸಿಗುವಂತೆ ನೋಡಿಕೊಳ್ಳೋಣ.