ಊಟಿಯ ಮೌನ ಬರೆದವರು, ಸರ್ಕಾರದ ಮೇಲೆ ಕೇಸು ಹಾಕಿದವರು

ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋದರೆ ಚಿತ್ರಗಾರರ ಮನೆಗಳಲ್ಲಿ ಇವತ್ತಿಗೂ ಮರದ ಗೊಂಬೆಗೆ ಬಣ್ಣ ಹಚ್ಚುತ್ತಾರೆ. ತಮ್ಮ ಹಿರೀಕರು ವಿಜಯನಗರ ಕಾಲದವರು ಅನ್ನೋ ಮಾತು ಅಲ್ಲಿ ಕೇಳಿಬರುತ್ತೆ. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರ ಮನೆತನದ ಬೇರೂ ವಿಜಯನಗರಕ್ಕೇ ಹೋಗುತ್ತೆ. ಆದರೆ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು?

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಅರಮನೆಗೆ ಚಿತ್ರ ಬರೆಯುವವರ ಮನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ನೆರವಿನಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಅವನೀಂದ್ರನಾಥ ಟ್ಯಾಗೋರ್ ಗುರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ, ಅದರಲ್ಲಿ ಈ ಕನ್ನಡಿಗನ ರಾಮಾಯಣದ ಚಿತ್ರಗಳೂ ಇದ್ದವು. ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಮದುವೆಯಾಗಲಿಲ್ಲ.

1920ರ ದಶಕದಲ್ಲಿ ಅವರು ಪುರಾಣ ಬಿಟ್ಟು ಊಟಿಯ ಬೆಟ್ಟ ಹತ್ತಿದರು. ಕೆರೆ, ಮಂಜು, ಮಳೆಮೋಡ, ಬೆಳದಿಂಗಳು, ಸದ್ದಿಲ್ಲದೆ ನಿಂತ ಮರಗಳು. ಜಲವರ್ಣದ ತೆಳು ಪದರಗಳಲ್ಲಿ ಬೆಳಕು ಬದಲಾಗುವ ಗಳಿಗೆಯನ್ನೇ ಹಿಡಿದರು. ಮನುಷ್ಯರು ಕಾಣೋದೇ ಅಪರೂಪ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಊಟಿ ಆಗ ಮದ್ರಾಸ್ ಪ್ರಾಂತ್ಯದ ಬ್ರಿಟಿಷರ ಬೇಸಿಗೆ ರಾಜಧಾನಿ. ತೊದವರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲಲ್ಲಿ ನೀಲಗಿರಿ ಮರ, ವ್ಯಾಟಲ್ ಮರ ನೆಟ್ಟಾಗಿತ್ತು. ಹಾಗಾದರೆ ಆ ಮೌನ ಕಾಡಿನದ್ದೋ, ಅಲ್ಲಿಂದ ಸರಿಸಲ್ಪಟ್ಟವರದ್ದೋ? ವೆಂಕಟಪ್ಪ ಇದನ್ನು ಬರೆಯಲಿಲ್ಲ. ಅದು ಅವರ ಮಿತಿ. ಆದರೆ ಆಳುವವರು ಮೋಜಿಗೆ ಬರುತ್ತಿದ್ದ ಜಾಗವನ್ನು ಅವರ ಬಂಗಲೆ, ಪಾರ್ಟಿಗಳ ಗೊಡವೆಯಿಲ್ಲದೆ ನೋಡಿದ್ದೂ ಸಣ್ಣ ಮಾತಲ್ಲ.

ಕುಂಚದಲ್ಲಿ ಇಷ್ಟು ಮೆತ್ತಗಿದ್ದ ಮನುಷ್ಯ ಹಕ್ಕಿನ ವಿಷಯದಲ್ಲಿ ಗಟ್ಟಿ. ಅರಮನೆಗಾಗಿ ಅವರು ಪ್ಲಾಸ್ಟರ್ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಕೆಲಸ ನಿಂತಿತು. ತಮಗೆ ಬರಬೇಕಾದ್ದಕ್ಕಾಗಿ ವೆಂಕಟಪ್ಪ ಮೈಸೂರು ಸರ್ಕಾರದ ವಿರುದ್ಧ ಕೋರ್ಟಿಗೆ ಹೋದರು. ಆಸ್ಥಾನದ ಚಿತ್ರಗಾರನಿಗೆ ಸಿಗೋದು ಕೃಪೆ ಅಂತ ನಂಬಿದ್ದ ಕಾಲದಲ್ಲಿ, ಅದು ದುಡಿಮೆಯ ಬೆಲೆ ಅಂತ ಹೇಳಿದ ನಡೆ ಇದು.

ಆಮೇಲೆ ಬೆಂಗಳೂರಲ್ಲಿ ಒಂಟಿಯಾಗಿ ಬದುಕಿ 1965ರಲ್ಲಿ ತೀರಿಕೊಂಡರು. ಅವರ ಹೆಸರಲ್ಲಿ ಸರ್ಕಾರ ಕಲಾ ಗ್ಯಾಲರಿ ಕಟ್ಟಿಸಿತು. ಅದನ್ನು ಖಾಸಗಿ ಸಂಸ್ಥೆಯೊಂದಕ್ಕೆ ದತ್ತು ಕೊಡಲು ಹೊರಟಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಸತ್ತು ಐವತ್ತು ವರ್ಷವಾದ ಮೇಲೂ ವೆಂಕಟಪ್ಪನವರ ಹೆಸರಲ್ಲಿ ಜಗಳ ನಡೆದದ್ದು ಅದೇ ಹಕ್ಕಿಗಾಗಿ.

ಗಂಗಾವತಿ, ಆನೆಗೊಂದಿಯ ಕಲ್ಲುಬೆಟ್ಟಗಳೂ ಸಂಜೆ ಹೊತ್ತು ಹೀಗೇ ಸುಮ್ಮನಿರುತ್ತವೆ. ಫೋಟೊ ತೆಗೆಯಿರಿ, ಬೇಡ ಅನ್ನಲ್ಲ. ಆದರೆ ಆ ಬೆಟ್ಟ ಯಾರದ್ದು, ಕಿನ್ನಾಳದ ಗೊಂಬೆಗೆ ಬಣ್ಣ ಹಚ್ಚಿದವರ ಕೈಗೆ ಎಷ್ಟು ದುಡ್ಡು ಸೇರುತ್ತೆ ಅನ್ನೋದನ್ನೂ ಕೇಳಿ.